ಪ್ರತಿಕ್ರಿಯೆ: ಕಡಲಜೀವಿಗಳ ಮೇಷ್ಟ್ರು ಟಿವಿಗೆ ಬಂದ ದಾರಿ

ಚೌಕಾಕಾರದ ಸ್ಪಂಜೊಂದು ನಾಯಕನಾಗಿರುವ ಟಿವಿ ಕಾರ್ಟೂನ್ ‘ಸ್ಪಾಂಜ್‌ಬಾಬ್’ ಸೃಷ್ಟಿಸಿದ ಸ್ಟೀಫನ್ ಹಿಲೆನ್‌ಬರ್ಗ್ ನಿಜಕ್ಕೂ ಮೇಷ್ಟ್ರಾಗಿದ್ದರಾ, ಬಿಎಸ್ಸಿ ಓದುತ್ತಿರುವ ನಿಮಗೂ ಆ ದಾರಿ ಇದೆಯಾ ಅಂತ ಕೇಳಿದ್ದೀರಿ. ಹೌದು, ಮೇಷ್ಟ್ರೇ. 1984ರಲ್ಲಿ ಡಿಗ್ರಿ ಮುಗಿಸಿ ಕ್ಯಾಲಿಫೋರ್ನಿಯಾದ ಡೇನಾ ಪಾಯಿಂಟ್‌ನಲ್ಲಿ ಕಡಲಜೀವಿಗಳ ಬಗ್ಗೆ ಪಾಠ ಹೇಳುತ್ತಿದ್ದರು. ಪಾಠಕ್ಕೆಂದೇ ‘ದಿ ಇಂಟರ್‌ಟೈಡಲ್ ಝೋನ್’ ಎಂಬ ಕಾಮಿಕ್ಸ್ ಬರೆದರು. ಅದರ ನಿರೂಪಕ ಬಾಬ್ ಎಂಬ ಸ್ಪಂಜು. ಆಗಿನ್ನೂ ಚೌಕವಲ್ಲ, ಕಡಲಲ್ಲಿ ಸಿಗುವ ಸ್ಪಂಜಿನಂತೆಯೇ ಉಂಡೆಉಂಡೆ.

ಆಮೇಲೆ ಕ್ಯಾಲಿಫೋರ್ನಿಯಾದ ಕಲಾ ಕಾಲೇಜು ಕ್ಯಾಲ್‌ಆರ್ಟ್ಸ್ ಸೇರಿ 1992ರಲ್ಲಿ ಅನಿಮೇಷನ್‌ನಲ್ಲಿ ಸ್ನಾತಕೋತ್ತರ ಪದವಿ ಪಡೆದರು. ಆದರೆ ನನ್ನ ಪ್ರಕಾರ ಅವರನ್ನು ತಯಾರು ಮಾಡಿದ್ದು ‘ರಾಕೋಸ್ ಮಾಡರ್ನ್ ಲೈಫ್’ ಎಂಬ ಕಾರ್ಟೂನ್ ಧಾರಾವಾಹಿ. ಬರವಣಿಗೆ, ಸ್ಟೋರಿಬೋರ್ಡ್ (ಕಥೆಯನ್ನು ದೃಶ್ಯ ದೃಶ್ಯವಾಗಿ ಚಿತ್ರಗಳ ಸಾಲಿನಲ್ಲಿ ಬಿಡಿಸುವುದು), ನಿರ್ದೇಶನ ಎಲ್ಲಕ್ಕೂ ಅಲ್ಲಿ ಕೈಹಾಕಿದರು. ಹಳೆಯ ಕಾಮಿಕ್ಸ್ ನೋಡಿ, ಇದನ್ನೇ ಧಾರಾವಾಹಿ ಮಾಡು ಎಂದವರು ಅಲ್ಲಿನ ಸಹೋದ್ಯೋಗಿ ಮಾರ್ಟಿನ್ ಓಲ್ಸನ್.

ಮಕ್ಕಳ ಟಿವಿ ವಾಹಿನಿ ನಿಕೆಲೋಡಿಯನ್‌ನವರಿಗೆ ಕಥೆ ಒಪ್ಪಿಸಲು ಹೋದಾಗ ಹಿಲೆನ್‌ಬರ್ಗ್ ಬರೀ ಕಾಗದ ಒಯ್ಯಲಿಲ್ಲ. ಅಕ್ವೇರಿಯಂ ಒಂದರಲ್ಲಿ ಪಾತ್ರಗಳ ಗೊಂಬೆಗಳನ್ನಿಟ್ಟು, ಹವಾಯಿ ಸಂಗೀತ ಹಾಕಿ ಆ ಲೋಕವನ್ನೇ ಕಣ್ಣೆದುರು ತಂದರು! 1999ರ ಮೇ 1ರಂದು ಪ್ರಸಾರ ಶುರುವಾಯಿತು.

ನೀವು ಮುಖ್ಯವಾಗಿ ಗಮನಿಸಬೇಕಾದ್ದು ಅವರ ತಂಡದ ಕೆಲಸದ ರೀತಿ. ಪೂರ್ತಿ ಚಿತ್ರಕಥೆ ಇರುತ್ತಿರಲಿಲ್ಲ. ಕೈಗೆ ಸಿಗುತ್ತಿದ್ದದ್ದು ಚಿಕ್ಕ ಸಾರಾಂಶ ಮಾತ್ರ. ಸಂಭಾಷಣೆ, ತಮಾಷೆ ಎಲ್ಲವನ್ನೂ ಸ್ಟೋರಿಬೋರ್ಡ್ ಕಲಾವಿದರು ಚಿತ್ರ ಬಿಡಿಸುತ್ತಲೇ ಬರೆಯುತ್ತಿದ್ದರು. ಹಾಗಾಗಿ ಸಾಫ್ಟ್‌ವೇರ್ ಕೋರ್ಸಿಗೆ ದುಡ್ಡು ಸುರಿಯುವ ಮೊದಲು ಪೆನ್ಸಿಲ್ಲಿನಲ್ಲಿ ಕಥೆ ಹೇಳುವುದನ್ನು ರೂಢಿಸಿಕೊಳ್ಳಿ. ಪ್ರಾಣಿಶಾಸ್ತ್ರದ ರೆಕಾರ್ಡ್ ಪುಸ್ತಕದ ಚಿತ್ರಗಳಿಂದಲೇ ಶುರುಮಾಡಬಹುದು. 2004ರ ಸ್ಪಾಂಜ್‌ಬಾಬ್ ಸಿನಿಮಾದ ನಂತರ ಹಿಲೆನ್‌ಬರ್ಗ್ ಧಾರಾವಾಹಿಯ ದಿನನಿತ್ಯದ ಉಸ್ತುವಾರಿ ಬಿಟ್ಟರು, 2018ರಲ್ಲಿ ತೀರಿಕೊಂಡರು. ಅವರ ಕೈಚಳಕ ನೋಡಬೇಕೆಂದರೆ ಮೊದಲ ಮೂರು ಸೀಸನ್ ನೋಡಿ.