ಭಾವಾರ್ಥ ಸರಿಯಿದ್ದರೂ ಅಂಕ ಯಾಕೆ ಹೋಯ್ತು?

ಪ್ರಶ್ನೆ: ನನ್ನ ಮಗಳು ಬೀಜಿಂಗ್‌ನಲ್ಲಿ ಚೀನೀ ಭಾಷೆಯ ಪದವಿ ಓದುತ್ತಿದ್ದಾಳೆ. ಅಲ್ಲಿನವರ ಜೊತೆ ಸಲೀಸಾಗಿ ಮಾತಾಡುತ್ತಾಳೆ. ಆದರೆ ಪ್ರಾಚೀನ ಚೀನೀ ಪತ್ರಿಕೆಯಲ್ಲಿ ನೂರಕ್ಕೆ 62 ಬಂದಿದೆ. ಅನುವಾದದಲ್ಲೇ ಜಾಸ್ತಿ ಅಂಕ ಹೋಗಿದೆಯಂತೆ. ‘ಭಾವಾರ್ಥ ಸರಿಯಾಗೇ ಬರೆದಿದ್ದೆ’ ಅಂತಾಳೆ. ಹೊರದೇಶದವಳು ಅಂತ ಕಡಿಮೆ ಕೊಟ್ಟರಾ?
– ಒಬ್ಬ ತಾಯಿ, ಶಿವಮೊಗ್ಗ

ಉತ್ತರ: ಹಾಗೆ ಅಂದುಕೊಳ್ಳಬೇಡಿ ತಾಯಿ. ಅಲ್ಲಿ 60 ಬಂದರೆ ಪಾಸು, ಮಗಳು ದಾಟಿದ್ದಾಳೆ. ಚೀನಾದ ಮಕ್ಕಳೂ ಇದೇ ಜಾಗದಲ್ಲಿ ಅಂಕ ಕಳೆದುಕೊಳ್ಳುತ್ತಾರೆ. ಜೂನ್ 7ಕ್ಕೆ ಶುರುವಾಗುವ ಗಾವ್‌ಕಾವ್ ಪ್ರವೇಶ ಪರೀಕ್ಷೆಯನ್ನೇ ನೋಡಿ. 150 ಅಂಕದ ಚೀನೀ ಪತ್ರಿಕೆಯಲ್ಲಿ ಹಳೆಯ ವಾಕ್ಯಗಳನ್ನು ಇಂದಿನ ಚೀನೀಗೆ ತರುವ ಪ್ರಶ್ನೆ ಇರುತ್ತದೆ. ಯಾವ ಪದಕ್ಕೆ, ಯಾವ ರಚನೆಗೆ ಅಂಕ ಎಂದು ಮೊದಲೇ ಗುರುತು ಮಾಡಿರುತ್ತಾರೆ. ಅದು ತಪ್ಪಿದರೆ ಒಟ್ಟಾರೆ ಅರ್ಥ ಬಂದಿದ್ದರೂ ಆ ಅಂಕ ಇಲ್ಲ. ನಾನು ಪಾಠ ಹೇಳುವಾಗಲೂ ಹೀಗೇ ತಿದ್ದುತ್ತಿದ್ದೆ. ಇದು ಸರಿ ಅಂತಲೇ ನನ್ನ ನಂಬಿಕೆ.

ಯಾಕೆ ಅಂತ ಹೇಳುತ್ತೇನೆ. ತಾವ್ ಯುವಾನ್‌ಮಿಂಗ್ ಸುಮಾರು 1600 ವರ್ಷಗಳ ಹಿಂದೆ ಬರೆದ ಪೀಚ್ ತೋಪಿನ ಕಥೆ ಅಲ್ಲಿನ ಶಾಲಾ ಪಾಠದಲ್ಲೇ ಇದೆ. ಒಬ್ಬ ಮೀನುಗಾರ ದಾರಿ ತಪ್ಪಿ, ಬೆಟ್ಟದಾಚೆ ಅಡಗಿದ ಒಂದು ಊರಿಗೆ ಬರುತ್ತಾನೆ. ನಮ್ಮ ಹಿರಿಯರು ಯುದ್ಧ ಗಲಭೆಗೆ ಹೆದರಿ ‘ಚೀಝಿ’ ಮತ್ತು ಊರವರನ್ನು ಕರೆದುಕೊಂಡು ಈ ‘ಜುಯೆಜಿಂಗ್’ಗೆ ಬಂದರು ಅಂತ ಊರಿನವರು ಹೇಳುತ್ತಾರೆ. ಇವತ್ತಿನ ಚೀನೀಯಲ್ಲಿ ಚೀಝಿ ಅಂದರೆ ಹೆಂಡತಿ, ಜುಯೆಜಿಂಗ್ ಅಂದರೆ ದಿಕ್ಕು ತೋಚದ ಸ್ಥಿತಿ. ಆಗ ಚೀಝಿ ಅಂದರೆ ಹೆಂಡತಿ ಮಕ್ಕಳು, ಜುಯೆಜಿಂಗ್ ಅಂದರೆ ಹೊರಗಿನ ಸಂಪರ್ಕವೇ ಇಲ್ಲದ ಜಾಗ. ಇವತ್ತಿನ ಅರ್ಥ ಹಾಕಿದರೆ ಕಥೆ ಹೇಗೋ ಸಾಗುತ್ತದೆ, ಆದರೆ ಮಕ್ಕಳು ಮಾಯ! ಸಲೀಸಾಗಿ ಮಾತಾಡುವವರೇ ಇಲ್ಲಿ ಜಾಸ್ತಿ ಎಡವುತ್ತಾರೆ. ಪದ ಪರಿಚಯದ್ದು ಅನ್ನಿಸುತ್ತೆ, ನಿಘಂಟು ತೆಗೆಯುವುದೇ ಇಲ್ಲ.

ಇನ್ನೊಂದು ಕಷ್ಟ, ಯಾರು ಎಂಬುದು. ಅದೇ ಕಥೆಯಲ್ಲಿ ‘ಎಲ್ಲಿಂದ ಬಂದದ್ದು ಎಂದು ಕೇಳುವುದು, ಎಲ್ಲ ಹೇಳುವುದು’ ಅನ್ನುವಷ್ಟೇ ಇರುವ ಸಾಲಿದೆ. ಕೇಳಿದವರು ಊರಿನವರು, ಹೇಳಿದವನು ಮೀನುಗಾರ. ಕನ್ನಡದಲ್ಲಾದರೆ ‘ಕೇಳಿದರು’, ‘ಹೇಳಿದ’ ಅಂದರೆ ಸಾಕು, ಗೊತ್ತಾಗಿಬಿಡುತ್ತೆ ಅಲ್ವಾ? ಚೀನೀ ಕ್ರಿಯಾಪದದಲ್ಲಿ ಆ ಸುಳಿವೇ ಇಲ್ಲ. ಅನುವಾದದಲ್ಲಿ ಇಬ್ಬರನ್ನೂ ಹೆಸರಿಸಿ ಬರೆಯಬೇಕು.

ಹಾಗಾಗಿ ಸುಮ್ನೆ 62 ನೋಡಿ ಏನೂ ಹೇಳೋಕಾಗಲ್ಲ. ತಿದ್ದಿದ ಉತ್ತರ ಪತ್ರಿಕೆ ನೋಡಲು ಬಿಟ್ಟರೆ ಮಗಳು ಖಂಡಿತ ನೋಡಲಿ. ಚೀಝಿಯಂಥ ಪದಗಳಲ್ಲಿ ಹೋಗಿದ್ದರೆ ಹಳೆ ಚೀನೀಗೆಂದೇ ಇರುವ ನಿಘಂಟು ದಿನಾ ಕೈಯಲ್ಲಿರಲಿ. ‘ಯಾರು’ ಎಂಬಲ್ಲಿ ಹೋಗಿದ್ದರೆ, ಅನುವಾದಕ್ಕೆ ಕೈ ಹಾಕುವ ಮೊದಲು ಪ್ರತಿ ಕ್ರಿಯಾಪದದ ಮೇಲೆ ಪೆನ್ಸಿಲ್‌ನಲ್ಲಿ ಕರ್ತೃ ಬರೆದುಕೊಳ್ಳಲಿ. ಯಾವುದರಲ್ಲಿ ಹೋಗಿದೆ ಅಂತ ನನಗೂ ಬರೆಯಿರಿ, ಮುಂದೆ ಏನು ಓದಬೇಕು ಅಂತ ಹೇಳುತ್ತೇನೆ.