ಬೆಳಗಾವಿಗೆ ಹೊರಡುವ ಮುಂಚೆ

ಈ ತಿಂಗಳು ಬಂದ ಪತ್ರಗಳಲ್ಲಿ ಹೆಚ್ಚಿನವು ವಿಧಾನಮಂಡಲದ ಚಳಿಗಾಲದ ಅಧಿವೇಶನದ ಬಗ್ಗೆಯೇ ಇವೆ. ಹೆಂಗಸರು ಗುಂಪು ಕಟ್ಟಿಕೊಂಡು ಬೆಳಗಾವಿಗೆ ಹೊರಡುತ್ತಿದ್ದಾರೆ ಅಂತ ಓದಿ ನನಗೆ ತುಂಬಾ ಸಂತೋಷವಾಯಿತು. ಬೇರೆ ಪತ್ರಗಳನ್ನು ಮುಂದಿನ ಸಂಚಿಕೆಗೆ ಇಟ್ಟು, ಇವಕ್ಕೆ ಮೊದಲು ಉತ್ತರ ಬರೆಯುತ್ತಿದ್ದೇನೆ.

ಪ್ರಶ್ನೆ: ಅಕ್ಕಾ, ನಮ್ಮೂರಲ್ಲಿ ವೈನ್ ಶಾಪ್ ಇಲ್ಲ. ಆದರೆ ನಾಲ್ಕು ಕಿರಾಣಿ ಅಂಗಡಿಗಳಲ್ಲಿ, ಒಂದು ಚಹಾದಂಗಡಿಯಲ್ಲಿ ಬೆಳಗ್ಗೆ ಆರಕ್ಕೇ ಪ್ಯಾಕೆಟ್ ಸಿಗುತ್ತದೆ. ಕೂಲಿ ದುಡ್ಡು ಮನೆಗೆ ಬರುವ ಮೊದಲೇ ಅಲ್ಲಿಗೆ ಹೋಗುತ್ತದೆ. ಗ್ರಾಮಸಭೆಯಲ್ಲಿ ಠರಾವು ಮಾಡಿಸಿದೆವು, ತಹಸೀಲ್ದಾರರಿಗೆ ಮನವಿ ಕೊಟ್ಟೆವು. ಒಂದು ಸಲ ದಾಳಿ ಆಯಿತು, ಮೂರನೇ ದಿನಕ್ಕೆ ಮತ್ತೆ ಶುರು. ಈ ಸಲ ಅಧಿವೇಶನಕ್ಕೇ ಹೋಗೋಣ ಅಂತ ಸಂಘದಲ್ಲಿ ಮಾತಾಗಿದೆ. ನಮ್ಮನ್ನು ಒಳಗೆ ಬಿಡುತ್ತಾರಾ? ಏನು ತಯಾರಿ ಬೇಕು?
– ಸ್ತ್ರೀಶಕ್ತಿ ಸಂಘದ ಸದಸ್ಯೆ, ಹಾವೇರಿ ಜಿಲ್ಲೆ

ಉತ್ತರ: ತಂಗಿ, ಹೋಗಿ. ಆದರೆ ನೀವು ಹೋಗುವುದಕ್ಕಿಂತ ಮುಂಚೆ ನಿಮ್ಮ ಪ್ರಶ್ನೆ ಅಲ್ಲಿಗೆ ಹೋಗಿರಬೇಕು.

ಅಧಿವೇಶನ ಅಂದರೆ ಟಿವಿಯಲ್ಲಿ ಕಾಣುವ ಗಲಾಟೆ ಅಷ್ಟೇ ಅಲ್ಲ. ಶಾಸಕರು ಬರವಣಿಗೆಯಲ್ಲಿ ಪ್ರಶ್ನೆ ಕೊಡುತ್ತಾರೆ, ಸಂಬಂಧಪಟ್ಟ ಸಚಿವರು ಉತ್ತರ ಕೊಡಲೇಬೇಕು. ಚುಕ್ಕೆ ಗುರುತಿನ ಪ್ರಶ್ನೆಗೆ ಸದನದಲ್ಲೇ ಎದ್ದುನಿಂತು ಉತ್ತರಿಸಬೇಕು. ಅದರ ಮೇಲೆ ಶಾಸಕರು ಉಪಪ್ರಶ್ನೆ ಕೇಳಬಹುದು. ಚುಕ್ಕೆ ಗುರುತಿಲ್ಲದ ಪ್ರಶ್ನೆಗೆ ಲಿಖಿತ ಉತ್ತರ ಬರುತ್ತದೆ. ಎರಡೂ ದಾಖಲೆಯಲ್ಲಿ ಉಳಿಯುತ್ತವೆ. ನೀವು ತಹಸೀಲ್ದಾರರಿಗೆ ಕೊಟ್ಟ ಮನವಿ ಯಾವ ಕಡತದಲ್ಲಿ ಮಲಗಿದೆಯೋ ಯಾರಿಗೂ ಗೊತ್ತಿಲ್ಲ. ಸದನದ ಪ್ರಶ್ನೆ ಹಾಗೆ ಮಲಗುವುದಿಲ್ಲ. ಅದು ಬಂತೆಂದರೆ ಬೆಂಗಳೂರಿನ ಇಲಾಖೆಯಿಂದ ನಿಮ್ಮ ತಾಲೂಕಿನ ಅಬಕಾರಿ ನಿರೀಕ್ಷಕರವರೆಗೆ ಮಾಹಿತಿ ಕೇಳಿ ಫೋನು ಹೋಗುತ್ತದೆ. ಎಷ್ಟೋ ಕಡೆ ಉತ್ತರ ಬರುವುದಕ್ಕೆ ಮುಂಚೆಯೇ, ಆ ಫೋನಿಗೇ ಕೆಲಸ ಶುರುವಾಗುತ್ತದೆ.

ಪ್ರಶ್ನೆಗಳ ಪಟ್ಟಿ ಅಧಿವೇಶನದ ದಿನ ತಯಾರಾಗುವುದಲ್ಲ. ವಾರಗಳ ಮೊದಲೇ ಕೊಡಬೇಕು. ಹಾಗಾಗಿ ತಾರೀಕು ಪೇಪರಿನಲ್ಲಿ ಬಂದ ಕೂಡಲೇ ನಿಮ್ಮ ಶಾಸಕರ ಕಚೇರಿಗೆ ಹೋಗಿ. ಶಾಸಕರು ಸಿಗದಿದ್ದರೆ ಆಪ್ತ ಸಹಾಯಕರನ್ನು ನೋಡಿ. ಪ್ರಶ್ನೆ ಟೈಪ್ ಮಾಡಿಸುವವರು ಸಾಮಾನ್ಯವಾಗಿ ಅವರೇ. ಅವರ ಕೈಗೆ ಐದು ಪುಟದ ಗೋಳು ಕೊಟ್ಟರೆ ಓದಲು ಪುರುಸೊತ್ತು ಇರುವುದಿಲ್ಲ. ಒಂದೇ ಹಾಳೆ ಕೊಡಿ. ಅದರಲ್ಲಿ ಪ್ರಶ್ನೆ ಹೀಗೆ ಸಿದ್ಧವಾಗಿರಲಿ:

"ಈ ತಾಲೂಕಿನಲ್ಲಿ ಕಳೆದ ಮೂರು ವರ್ಷಗಳಲ್ಲಿ ಸನ್ನದು (ಲೈಸೆನ್ಸ್) ಇಲ್ಲದೆ ಮದ್ಯ ಮಾರಿದ್ದಕ್ಕೆ ಎಷ್ಟು ಪ್ರಕರಣ ದಾಖಲಾಗಿವೆ? ಎಷ್ಟರಲ್ಲಿ ಶಿಕ್ಷೆಯಾಗಿದೆ? ಒಬ್ಬರ ಮೇಲೆಯೇ ಮತ್ತೆ ಮತ್ತೆ ದಾಖಲಾದ ಪ್ರಕರಣ ಎಷ್ಟು? ಕಿರಾಣಿ ಅಂಗಡಿಗಳಲ್ಲಿ ಸಿಕ್ಕ ಮದ್ಯ ಯಾವ ಸನ್ನದುದಾರರಿಂದ ಬಂದದ್ದೆಂದು ತನಿಖೆ ಆಗಿದೆಯೇ?"

ಕೊನೆಯ ಪ್ರಶ್ನೆ ಬಿಡಬೇಡಿ, ಬೇರು ಇರುವುದು ಅಲ್ಲೇ. ನಿಮ್ಮೂರಿನ ಕಿರಾಣಿಯವನು ಮದ್ಯ ತಯಾರಿಸುವುದಿಲ್ಲ. ಹತ್ತಿರದ ಯಾವುದೋ ಲೈಸೆನ್ಸ್ ಅಂಗಡಿಯಿಂದ ಬಾಕ್ಸುಗಟ್ಟಲೆ ತರುತ್ತಾನೆ. 2007ರ ಜುಲೈ 1ರಿಂದ ನಮ್ಮ ರಾಜ್ಯದಲ್ಲಿ ಸಾರಾಯಿ ನಿಂತಿತು. ಹೆಂಗಸರು ಎಷ್ಟು ವರ್ಷ ಹೋರಾಡಿದ್ದರು ಅದಕ್ಕೆ! ಆದರೆ ಸಾರಾಯಿ ಪ್ಯಾಕೆಟ್ ಹೋದ ಜಾಗಕ್ಕೆ ಅಗ್ಗದ ವಿಸ್ಕಿ ಟೆಟ್ರಾ ಪ್ಯಾಕಿನಲ್ಲಿ ಬಂದು ಕೂತಿತು. ಅದು ಲೈಸೆನ್ಸ್ ಇರುವ ಮಾಲು, ಹಾಗಾಗಿ ಅದಕ್ಕೊಂದು ಜಾಡು ಇರುತ್ತದೆ. ರಾಜ್ಯದಲ್ಲಿ ಮದ್ಯದ ಸಗಟು ಮಾರಾಟ ಸರ್ಕಾರದ್ದೇ ಆದ ಪಾನೀಯ ನಿಗಮದ ಮೂಲಕ ನಡೆಯುತ್ತದೆ. ಬೀದಿಯಲ್ಲಿ ಬಿದ್ದ ಖಾಲಿ ಪ್ಯಾಕೆಟ್ ಎತ್ತಿಕೊಂಡು ಬ್ಯಾಚ್ ನಂಬರ್ ಬರೆದುಕೊಳ್ಳಿ. ಯಾವ ದಿನ, ಯಾವ ಓಣಿಯಲ್ಲಿ ಸಿಕ್ಕಿತು ಅಂತ ಒಂದು ನೋಟ್‌ಬುಕ್ಕಿನಲ್ಲಿ ಇಡಿ. ಈ ಬ್ಯಾಚ್ ಯಾವ ಅಂಗಡಿಗೆ ಹೋಗಿತ್ತು ಅಂತ ಸದನದಲ್ಲಿ ಕೇಳಿಸಬಹುದು.

ಮಾರುವವರ ಅಂಗಡಿಗೆ ಹೋಗಿ ಫೋಟೋ ತೆಗೆಯುವುದು, ಜಗಳ ಮಾಡುವುದು ಬೇಡ. ದೂರು ಕೊಟ್ಟ ಹೆಂಗಸರ ಮನೆ ಮುಂದೆ ಬಂದು ಬೈದು ಹೋಗುವವರನ್ನು ನಾನು ಕಂಡಿದ್ದೇನೆ. ಹಾಳೆಯಲ್ಲಿ ಒಬ್ಬರ ಹೆಸರು ಮುಂದೆ ಬರುವುದು ಬೇಡ, ಸಂಘದ ಹೆಸರಿರಲಿ, ಎಲ್ಲರ ಸಹಿ ಇರಲಿ. ಮನೆಮನೆಯ ಲೆಕ್ಕವನ್ನೂ ಸೇರಿಸಿ: ಕುಡಿತದಿಂದ ಎಷ್ಟು ಮನೆಯಲ್ಲಿ ಸಂಘದ ಸಾಲ ಕಟ್ಟುವುದು ನಿಂತಿದೆ, ಎಷ್ಟು ಮಕ್ಕಳು ಶಾಲೆ ಬಿಟ್ಟು ದುಡಿಯಲು ಹೋಗುತ್ತಿದ್ದಾರೆ. ಈ ಲೆಕ್ಕ ಯಾವ ಅಧಿಕಾರಿಯ ಹತ್ತಿರವೂ ಇಲ್ಲ. ನಿಮ್ಮ ಹತ್ತಿರ ಮಾತ್ರ ಇದೆ.

ಇನ್ನು ಒಳಗೆ ಬಿಡುತ್ತಾರಾ ಅಂದರೆ, ಸುವರ್ಣ ವಿಧಾನಸೌಧದ ಗ್ಯಾಲರಿಗೆ ಪಾಸು ಬೇಕು. ಅದಕ್ಕೂ ಶಾಸಕರ ಕಚೇರಿಯನ್ನೇ ಕೇಳಿ. ಒಳಗೆ ಘೋಷಣೆ, ಬ್ಯಾನರ್ ನಡೆಯುವುದಿಲ್ಲ. ಧರಣಿ ಕೂರುವುದಾದರೆ ಪೊಲೀಸರ ಅನುಮತಿ ಮೊದಲೇ ಪಡೆಯಿರಿ. ಸೌಧದ ಆಸುಪಾಸಿನಲ್ಲಿ, ಕೊಂಡಸಕೊಪ್ಪದ ಕಡೆ, ಬಸ್ತವಾಡದ ಕಡೆ ಟೆಂಟ್ ಹಾಕಲು ಜಾಗ ಕೊಡುತ್ತಾರೆ. ಡಿಸೆಂಬರಿನಲ್ಲಿ ಅಲ್ಲಿ ಚಳಿ ಜೋರು, ಶಾಲು ಮರೆಯಬೇಡಿ. ಶಕ್ತಿ ಯೋಜನೆ ಬಂದ ಮೇಲೆ ಬಸ್ ಚಾರ್ಜಿನ ಚಿಂತೆ ತಪ್ಪಿದೆ. ಎಲ್ಲರ ಹತ್ತಿರ ಆಧಾರ್ ಇರಲಿ, ಸಾಮಾನ್ಯ ಬಸ್ಸೇ ಹತ್ತಿ. ಟೆಂಟಿನ ಹತ್ತಿರ ಮಂತ್ರಿಗಳೋ ಅಧಿಕಾರಿಗಳೋ ಬಂದರೆ ಮಾತಾಡಲು ಇಬ್ಬರನ್ನು ಮೊದಲೇ ಆರಿಸಿಕೊಳ್ಳಿ. ಎಲ್ಲರೂ ಒಟ್ಟಿಗೆ ಹೇಳಹೋದರೆ ಅವರು "ಆಯ್ತಮ್ಮಾ, ನೋಡ್ತೀವಿ" ಅಂತ ಕೈಮುಗಿದು ಹೊರಟುಬಿಡುತ್ತಾರೆ. ಮನವಿಯ ಎರಡನೇ ಪ್ರತಿಯ ಮೇಲೆ ಸ್ವೀಕೃತಿ ಸಹಿ, ಸೀಲು ಹಾಕಿಸಿಕೊಳ್ಳದೆ ಬಿಡಬೇಡಿ.

ನಾನು ಅಂಗನವಾಡಿಯಲ್ಲಿ ದುಡಿದವಳು. 2023ರ ಜನವರಿಯಲ್ಲಿ ಗ್ರಾಚ್ಯುಟಿಗಾಗಿ, ಅಂದರೆ ಕೆಲಸ ಬಿಡುವಾಗ ಸಿಗಬೇಕಾದ ಇಡಿಗಂಟಿಗಾಗಿ, ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಕೂತವರಲ್ಲಿ ನಾನೂ ಒಬ್ಬಳು. ಅಲ್ಲಿ ನಮಗೆ ಬಲ ಕೊಟ್ಟಿದ್ದು ಜನ ಎಷ್ಟೋ ಅಷ್ಟೇ ಒಂದು ಕಾಗದ ಕೂಡ. 2022ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟು ಅಂಗನವಾಡಿ ಕಾರ್ಯಕರ್ತೆಯರು, ಸಹಾಯಕಿಯರಿಗೂ ಗ್ರಾಚ್ಯುಟಿ ಸಲ್ಲುತ್ತದೆ ಅಂತ ಗುಜರಾತಿನ ಕೇಸಿನಲ್ಲಿ ತೀರ್ಪು ಕೊಟ್ಟಿತ್ತು. ಅದರ ಜೆರಾಕ್ಸ್ ನಮ್ಮ ಕೈಯಲ್ಲಿತ್ತು. ಎಸ್ಸೆಸ್ಸೆಲ್ಸಿ ಮುಗಿಸದ ಸಹಾಯಕಿಯರೂ 1972ರ ಗ್ರಾಚ್ಯುಟಿ ಕಾಯ್ದೆ ಅಂತ ಇಸವಿ ಸಮೇತ ಹೇಳುತ್ತಿದ್ದರು. ಅಧಿಕಾರಿಗಳ ಮುಖ ಬದಲಾಗುತ್ತಿತ್ತು. ಕೊನೆಗೆ ಸರ್ಕಾರ ಒಪ್ಪಿತು.

ಪ್ರಶ್ನೆ: ನಮ್ಮ ಶಾಸಕರು ಆಡಳಿತ ಪಕ್ಷದವರು. ತಮ್ಮದೇ ಸರ್ಕಾರಕ್ಕೆ ಇರುಸುಮುರುಸಾಗುವ ಪ್ರಶ್ನೆ ಕೇಳುವುದಿಲ್ಲ ಅಂತ ನೇರವಾಗಿಯೇ ಹೇಳಿದರು. ಈಗೇನು ಮಾಡುವುದು?
– ಗ್ರಾಮ ಪಂಚಾಯಿತಿ ಸದಸ್ಯೆ, ಗದಗ ಜಿಲ್ಲೆ

ಉತ್ತರ: ನೇರವಾಗಿ ಹೇಳಿದ್ದು ಒಳ್ಳೆಯದೇ ಆಯಿತು, ನಿಮ್ಮ ಸಮಯ ಉಳಿಯಿತು. ಮೇಡಂ, ನೀವು ಪಂಚಾಯಿತಿ ಸದಸ್ಯೆ. ನಿಮ್ಮ ಕೈಯಲ್ಲಿ ಇನ್ನೊಂದು ಓಟು ಇದೆ, ಅದನ್ನು ಯಾಕೆ ಮರೆತಿದ್ದೀರಿ? ವಿಧಾನ ಪರಿಷತ್ತಿನ 75 ಸದಸ್ಯರಲ್ಲಿ 25 ಮಂದಿ ಸ್ಥಳೀಯ ಸಂಸ್ಥೆಗಳ ಕ್ಷೇತ್ರದಿಂದ ಬರುತ್ತಾರೆ. ಅವರನ್ನು ಆರಿಸುವವರಲ್ಲಿ ಜಾಸ್ತಿ ಮಂದಿ ಗ್ರಾಮ ಪಂಚಾಯಿತಿ ಸದಸ್ಯರೇ. ಧಾರವಾಡ, ಗದಗ, ಹಾವೇರಿ ಮೂರೂ ಜಿಲ್ಲೆ ಸೇರಿ ಅಂಥದ್ದೊಂದು ಕ್ಷೇತ್ರವಿದೆ. ಪಂಚಾಯಿತಿಯ ಅರ್ಧ ಸೀಟು ಹೆಂಗಸರಿಗೆ ಮೀಸಲು. ಅಂದರೆ ಆ ಪರಿಷತ್ ಸದಸ್ಯರ ಮತದಾರರಲ್ಲಿ ಅರ್ಧದಷ್ಟು ಹೆಂಗಸರು! ಚುನಾವಣೆ ಬಂದಾಗ ಅವರು ನಿಮ್ಮ ಮನೆಗೆ ಬರುತ್ತಾರೆ. ಈಗ ನೀವು ಹತ್ತು ಪಂಚಾಯಿತಿಯ ಸದಸ್ಯೆಯರ ಸಹಿ ಹಿಡಿದು ಅವರ ಮನೆಗೆ ಹೋಗಿ. ಪರಿಷತ್ತಿನಲ್ಲೂ ಪ್ರಶ್ನೋತ್ತರ ಇದೆ, ಅಲ್ಲೂ ಸಚಿವರೇ ಉತ್ತರಿಸಬೇಕು.

ಪಕ್ಕದ ಕ್ಷೇತ್ರದ ವಿರೋಧ ಪಕ್ಷದ ಶಾಸಕರನ್ನೂ ಕೇಳಿ, ಅದರಲ್ಲಿ ತಪ್ಪೇನಿಲ್ಲ. ಬರೀ ಶಾಸಕಿಯರನ್ನೇ ನೆಚ್ಚಿಕೊಂಡರೆ ಸಾಲದು. 2023ರ ಚುನಾವಣೆಯಲ್ಲಿ ವಿಧಾನಸಭೆಯ 224 ಸೀಟುಗಳಲ್ಲಿ ಗೆದ್ದ ಹೆಂಗಸರು 10 ಮಂದಿ ಮಾತ್ರ. ಅದೇ ವರ್ಷ ಸಂಸತ್ತು ಮೂರನೇ ಒಂದು ಭಾಗ ಮೀಸಲಾತಿಗೆ ಸಂವಿಧಾನ ತಿದ್ದುಪಡಿ ಮಾಡಿದೆ. ಆದರೆ ಜನಗಣತಿ, ಕ್ಷೇತ್ರ ಮರುವಿಂಗಡಣೆ ಆಗುವ ತನಕ ಜಾರಿಯಿಲ್ಲ ಅಂತ ಅದರಲ್ಲೇ ಬರೆದಿದ್ದಾರೆ. ಇದು ನನಗೆ ಇವತ್ತಿಗೂ ಸಂಕಟ ತರುವ ವಿಷಯ. ಅಲ್ಲಿಯವರೆಗೆ ಗಂಡಸರ ಬಾಯಲ್ಲೇ ನಮ್ಮ ಪ್ರಶ್ನೆ ಕೇಳಿಸಬೇಕು, ಕೇಳಿಸೋಣ.

ಪ್ರಶ್ನೆ: ನಾನು ಸೊಲ್ಲಾಪುರದ ಕನ್ನಡತಿ. ನಮ್ಮ ಮಹಾರಾಷ್ಟ್ರದಲ್ಲಿ ಹೆಂಗಸರು ಓಟು ಹಾಕಿ ಮದ್ಯದಂಗಡಿ ಮುಚ್ಚಿಸುತ್ತಾರೆ. ತವರಿನ ಕಡೆ ಯಾಕಿಲ್ಲ?
– ಗೃಹಿಣಿ, ಸೊಲ್ಲಾಪುರ

ಉತ್ತರ: ಓದುಗರಿಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಮಹಾರಾಷ್ಟ್ರದಲ್ಲಿ ಊರಿನ ಮಹಿಳಾ ಮತದಾರರಲ್ಲಿ ಕಾಲು ಭಾಗದಷ್ಟು ಮಂದಿ ಸಹಿ ಮಾಡಿ ಕೇಳಿದರೆ ಗುಪ್ತ ಮತದಾನ ನಡೆಸಬೇಕು. ಚೀಟಿಯಲ್ಲಿ ನಿಂತ ಬಾಟಲಿ ಒಂದು, ಮಲಗಿದ ಬಾಟಲಿ ಒಂದು. ಅರ್ಧಕ್ಕಿಂತ ಜಾಸ್ತಿ ಮಂದಿ ಮಲಗಿದ ಬಾಟಲಿಗೆ ಗುರುತು ಹಾಕಿದರೆ ಅಂಗಡಿ ಮುಚ್ಚಬೇಕು. ಓದು ಬರಹ ಬಾರದವರಿಗೂ ಅರ್ಥವಾಗುವ ಚೀಟಿ!

ನಮ್ಮಲ್ಲಿ ಆ ಹಕ್ಕು ಇಲ್ಲ. ಶಾಲೆ, ಗುಡಿ, ಆಸ್ಪತ್ರೆಯಿಂದ 100 ಮೀಟರ್ ಒಳಗೆ ಅಂಗಡಿ ಇರಬಾರದು ಅಂತ ಅಬಕಾರಿ ನಿಯಮ ಇದೆ, ಅಷ್ಟೇ. ಗ್ರಾಮಸಭೆ ಬೇಡ ಅಂದರೂ ಇಲಾಖೆ ಕೇಳಬೇಕೆಂದಿಲ್ಲ. ಪೂರ್ತಿ ಪಾನನಿಷೇಧ ಬೇಕೆಂದು 2019ರ ಜನವರಿಯಲ್ಲಿ ಸಾವಿರಾರು ಹೆಂಗಸರು ಚಿತ್ರದುರ್ಗದಿಂದ ಬೆಂಗಳೂರಿಗೆ ನಡೆದರು. ರಾಯಚೂರು ಕಡೆಯ ಕೂಲಿ ಹೆಂಗಸರು ಅದರಲ್ಲಿ ಬಹಳ ಮಂದಿ. ಪಾದ ಬೊಬ್ಬೆ ಎದ್ದರೂ ನಿಲ್ಲಲಿಲ್ಲ. ಸರ್ಕಾರಗಳು ಅಬಕಾರಿ ಆದಾಯ ಬಿಡಲು ತಯಾರಿಲ್ಲ, ಅದಕ್ಕೇ ಬೇಡಿಕೆ ಹಾಗೇ ನಿಂತಿದೆ. ಪೂರ್ತಿ ಪಾನನಿಷೇಧ ಕೇಳುವುದಕ್ಕಿಂತ ಈ ಓಟಿನ ಹಕ್ಕು ಕೇಳುವುದೇ ಮೇಲು ಅಂತ ನನ್ನ ಅಭಿಪ್ರಾಯ. ನೀವು ಒಂದು ಸಹಾಯ ಮಾಡಿ. ನಿಮ್ಮ ಕಡೆ ಮತದಾನ ನಡೆದ ಊರಿನ ಚೀಟಿಯ ಮಾದರಿ, ಆದೇಶದ ಪ್ರತಿ ಸಿಕ್ಕರೆ ಕನ್ನಡಕ್ಕೆ ತಂದು ಕಳುಹಿಸಿ. ಗಡಿಯ ಆಚೆ ನಡೆಯುತ್ತಿರುವುದನ್ನು ಬೆಳಗಾವಿಯಲ್ಲಿ ಶಾಸಕರ ಕೈಗೆ ಕೊಡಬಹುದು.

ಪ್ರಶ್ನೆ: ನನ್ನ ತಾಯಿಗೆ ಚಿಕ್ಕಂದಿನಲ್ಲೇ ಮುತ್ತು ಕಟ್ಟಿ ದೇವದಾಸಿ ಮಾಡಿದ್ದರು. ನಾನು ಪದವಿ ಓದಿದ್ದೇನೆ. ಹೊಸ ಕಾನೂನು ಬಂದಿದೆ ಅಂತಾರೆ. ಆದರೂ ಅರ್ಜಿ ಕೊಡುವಾಗ ತಂದೆಯ ಹೆಸರು ಕೇಳಿ, ಎಲ್ಲರ ಮುಂದೆ ನಿಲ್ಲಿಸುತ್ತಾರೆ.
– ಒಬ್ಬ ಮಗಳು, ಕೊಪ್ಪಳ ಜಿಲ್ಲೆ

ಉತ್ತರ: ಮಗಳೇ, ತಲೆ ತಗ್ಗಿಸಬೇಡ. ನಿನ್ನಂಥವರು, ನಿನ್ನ ತಾಯಿಯಂಥವರು ವರ್ಷಗಟ್ಟಲೆ ಕೇಳಿದ್ದರಿಂದಲೇ 2025ರ ಆಗಸ್ಟ್ ಅಧಿವೇಶನದಲ್ಲಿ ಹೊಸ ದೇವದಾಸಿ ಮಸೂದೆ ಪಾಸಾಯಿತು. 1982ರ ಕಾನೂನು ಮುತ್ತು ಕಟ್ಟುವುದನ್ನು ಅಪರಾಧ ಮಾಡಿತ್ತು. ಮಕ್ಕಳ ಗುರುತಿನ ಪ್ರಶ್ನೆ ಮಾತ್ರ ಬಗೆಹರಿದಿರಲಿಲ್ಲ. ಹೊಸದರಲ್ಲಿ ತಂದೆಯ ಹೆಸರು ಕಡ್ಡಾಯ ಮಾಡುವಂತಿಲ್ಲ. ಬೇಕೆಂದರೆ ತಂದೆ ಯಾರೆಂದು ಗುರುತಿಸಿಕೊಳ್ಳುವ ದಾರಿಯೂ ಇದೆ.

ಆದರೆ ಕೌಂಟರಿನಲ್ಲಿ ಕೂತವರಿಗೆ ಕಾನೂನಿಗಿಂತ ಸುತ್ತೋಲೆ ಮುಖ್ಯ. ಹಾಗಾಗಿ ಕೇಳಬೇಕಾದ್ದು ಇಷ್ಟು: ನಿಯಮಗಳು ಯಾವಾಗ ಬರುತ್ತವೆ, ಯಾವ ಯಾವ ಇಲಾಖೆಗೆ ಸುತ್ತೋಲೆ ಹೋಗಿದೆ, ಯಾವ ಅರ್ಜಿ ನಮೂನೆ ಬದಲಾಗಿದೆ. ನಿನ್ನನ್ನು ನಿಲ್ಲಿಸಿದ ಆ ಅರ್ಜಿಯ ಖಾಲಿ ನಮೂನೆ ಇದಕ್ಕೆ ಲಗತ್ತಿಸು. ಶಾಸಕರಿಗಷ್ಟೇ ಅಲ್ಲ, ವಿಧಾನಮಂಡಲದ ಮಹಿಳೆಯರು ಮತ್ತು ಮಕ್ಕಳ ಕಲ್ಯಾಣ ಸಮಿತಿಗೂ ಒಂದು ಪ್ರತಿ ಕಳುಹಿಸು. ನಿನ್ನ ಹೆಸರು ಬೇಡವೆಂದರೆ ಸಂಘಟನೆಯ ಹೆಸರಿನಲ್ಲಿ ಹೋಗಲಿ.

ಪ್ರಶ್ನೆ: ಅಧಿವೇಶನ ಮುಗಿದ ಮೇಲೆ ಎಲ್ಲ ಮರೆತುಹೋಗುತ್ತದೆ. ಸುಮ್ನೆ ಓಡಾಡಿದ್ದೇ ಬಂತು ಅನಿಸುತ್ತದೆ.
– ಆಶಾ ಕಾರ್ಯಕರ್ತೆ, ಬಾಗಲಕೋಟೆ ಜಿಲ್ಲೆ

ಉತ್ತರ: ಸಚಿವರು ಸದನದಲ್ಲಿ "ಕ್ರಮ ಕೈಗೊಳ್ಳುತ್ತೇವೆ" ಅಂದರೆ ಅದು ಭರವಸೆ. ಅದನ್ನು ಹಿಂಬಾಲಿಸಲೆಂದೇ ಸರ್ಕಾರಿ ಭರವಸೆಗಳ ಸಮಿತಿ ಇದೆ. ಯಾವ ದಿನ, ಯಾವ ಪ್ರಶ್ನೆಗೆ, ಏನು ಹೇಳಿದರು ಅಂತ ಬರೆದು ಆ ಸಮಿತಿಗೆ ಕಳುಹಿಸಿ. ಉತ್ತರದ ಪ್ರತಿ ವಿಧಾನಸಭೆಯ ವೆಬ್‌ಸೈಟಿನಲ್ಲಿ ಸಿಗುತ್ತದೆ. ಮಕ್ಕಳಿಗೆ ಹೇಳಿ ಮೊಬೈಲಿನಲ್ಲಿ ತೆಗೆಸಿ. ಉತ್ತರ ಅರೆಬರೆ ಇದ್ದರೆ 10 ರೂಪಾಯಿ ಕೊಟ್ಟು ಮಾಹಿತಿ ಹಕ್ಕಿನಲ್ಲಿ ಕೇಳಿ, 30 ದಿನದೊಳಗೆ ಕೊಡಬೇಕು.

ನಿಮ್ಮವರದೇ ಉದಾಹರಣೆ ನೋಡಿ. 2025ರ ಜನವರಿಯಲ್ಲಿ ಆಶಾ ಕಾರ್ಯಕರ್ತೆಯರು ಫ್ರೀಡಂ ಪಾರ್ಕಿನಲ್ಲಿ ಕೂತರು. ತಿಂಗಳಿಗೆ ಕನಿಷ್ಠ 10,000 ರೂಪಾಯಿ ಅಂತ ಮುಖ್ಯಮಂತ್ರಿಗಳು ಮಾತು ಕೊಟ್ಟರು. ಆ ಮಾತನ್ನು ಇನ್ನೂ ಬಿಡದೆ ಕೇಳುತ್ತಿರುವವರು ನೀವೇ ಅಲ್ವಾ? ಅದಕ್ಕೆ ಈ ಓಡಾಟ ಬೇಕೇ ಬೇಕು. ಈ ಸಲ ಯಾರಿಗಾದರೂ ಸಚಿವರ ಲಿಖಿತ ಉತ್ತರ ಸಿಕ್ಕರೆ ಅದರ ಪ್ರತಿ ನನಗೂ ಕಳುಹಿಸಿ. ಬಜೆಟ್ ಅಧಿವೇಶನಕ್ಕೆ ಮುಂಚೆ ಓದಿ, ಮುಂದೇನು ಕೇಳಬಹುದು ಅಂತ ಈ ಪುಟದಲ್ಲೇ ಬರೆಯುತ್ತೇನೆ.