ಸಂಸಾರದ ಜಮಾ–ಖರ್ಚು: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನಾವು ದುಂದು ಮಾಡುವವರಲ್ಲ. ವಾರಕ್ಕೆ 1,500ರಂತೆ ತಿಂಗಳಿಗೆ 6,000 ದಿನಸಿಗೆಂದು ತೆಗೆದಿಡುತ್ತೇವೆ, ಉಳಿದದ್ದಕ್ಕೂ ಲೆಕ್ಕವಿದೆ. ಆದರೂ ಎರಡು ಮೂರು ತಿಂಗಳಿಗೊಮ್ಮೆ ಕೈಸಾಲ ಮಾಡಲೇಬೇಕಾಗುತ್ತದೆ. ಎಲ್ಲಿ ತಪ್ಪುತ್ತಿದ್ದೇವೆ?

ಉತ್ತರ: ಮೊದಲ ತಪ್ಪು ಗುಣಾಕಾರದಲ್ಲೇ ಇದೆ. ತಿಂಗಳೆಂದರೆ ನಾಲ್ಕು ವಾರವಲ್ಲ. ವರ್ಷಕ್ಕೆ 52 ವಾರ. ತಿಂಗಳಿಗೆ ನಾಲ್ಕರಂತೆ ಹಿಡಿದರೆ 48 ವಾರಕ್ಕಷ್ಟೇ ದುಡ್ಡು ಎತ್ತಿಟ್ಟಂತಾಯಿತು. ವಾರಕ್ಕೆ 1,500 ಬೇಕಾದರೆ ತಿಂಗಳಿಗೆ ಬೇಕಾದದ್ದು 1,500 × 52 ÷ 12, ಅಂದರೆ 6,500. ಪ್ರತಿ ತಿಂಗಳೂ 500 ಕಡಿಮೆ ಬೀಳುತ್ತಿದೆ. ನಿಮ್ಮ ಕೈ ಸಡಿಲವಾಗಿ ಅಲ್ಲ, ಲೆಕ್ಕ ಮೊದಲೇ ಗಿಡ್ಡವಾಗಿರುವುದರಿಂದ. ವಾರದ ಲೆಕ್ಕದಲ್ಲಿ ಹೋಗುವ ಬಸ್ ಖರ್ಚು, ಕೆಲಸದವರ ಕೂಲಿ ಇತ್ಯಾದಿಗೂ ಇದೇ ಸೂತ್ರ ಹಾಕಿ ನೋಡಿ.

ಎರಡು ಮೂರು ತಿಂಗಳಿಗೊಮ್ಮೆ ಬರುವ ಹೊಡೆತಕ್ಕೆ ಕಾರಣ ಬೇರೆ. ವರ್ಷಕ್ಕೊಮ್ಮೆ ಬರುವ ಖರ್ಚು ತಿಂಗಳ ಲೆಕ್ಕದ ಪುಸ್ತಕದಲ್ಲಿ ಇರುವುದೇ ಇಲ್ಲ. ಬಂದಾಗ ಅದನ್ನು ‘ಅನಿರೀಕ್ಷಿತ’ ಎನ್ನುತ್ತೇವೆ. ಶಾಲೆಯ ಶುಲ್ಕ ಪ್ರತಿವರ್ಷ ಅದೇ ತಿಂಗಳು ಬರುತ್ತದೆ, ವಿಮೆಯ ಕಂತಿನ ತಾರೀಖು ಪಾಲಿಸಿಯ ಮೇಲೇ ಇರುತ್ತದೆ. ಇವು ಅನಿರೀಕ್ಷಿತವಲ್ಲ.

ಒಂದು ಹಾಳೆಯಲ್ಲಿ ಹನ್ನೆರಡು ತಿಂಗಳನ್ನು ಸಾಲಾಗಿ ಬರೆದುಕೊಂಡು, ಯಾವ ತಿಂಗಳಲ್ಲಿ ಏನು ಕಟ್ಟಬೇಕೆಂದು ತುಂಬಿ. ಉದಾಹರಣೆಗೆ, ಇವತ್ತಿನಿಂದ ಮೂರನೇ ತಿಂಗಳಲ್ಲಿ ವಿಮೆ 9,600. ಆರನೇ ತಿಂಗಳಲ್ಲಿ ಶಾಲೆಯ ಶುಲ್ಕ 18,000. ಒಂಬತ್ತನೇ ತಿಂಗಳಲ್ಲಿ ವಾಹನದ ಸರ್ವಿಸ್, ಟೈರ್ 4,800. ಹನ್ನೆರಡನೇ ತಿಂಗಳಲ್ಲಿ ಮನೆಯ ರಿಪೇರಿ 3,600. ಒಟ್ಟು 36,000. ಹನ್ನೆರಡರಿಂದ ಭಾಗಿಸಿದರೆ ತಿಂಗಳಿಗೆ 3,000. ಬಹಳ ಜನ ಇಷ್ಟಕ್ಕೇ ನಿಲ್ಲಿಸುತ್ತಾರೆ, ಮೊದಲ ವರ್ಷವೇ ಎಡವುತ್ತಾರೆ. ಮೂರನೇ ತಿಂಗಳಿಗೆ ಕೂಡಿರುವುದು 9,000, ಕಟ್ಟಬೇಕಾದದ್ದು 9,600. ಆರನೇ ತಿಂಗಳಿಗೆ ಕೂಡಿದ್ದು ಒಟ್ಟು 18,000, ಅಷ್ಟರೊಳಗೆ ಕಟ್ಟಬೇಕಾದದ್ದು 27,600. ಕೊರತೆ 9,600! ‘ಎತ್ತಿಟ್ಟರೂ ಸಾಲಲಿಲ್ಲ’ ಎಂದು ಬೇಸತ್ತು ಕೈಬಿಡುವುದು ಇಲ್ಲೇ.

ಆದ್ದರಿಂದ ಮೊದಲ ವರ್ಷ ದೊಡ್ಡ ಗುಂಡಿ ಯಾವ ತಿಂಗಳಲ್ಲಿ ಬೀಳುತ್ತದೆಂದು ಹುಡುಕಿ, ಅಲ್ಲಿಯವರೆಗಿನ ಮೊತ್ತವನ್ನು ಅಷ್ಟೇ ತಿಂಗಳಿಗೆ ಹಂಚಬೇಕು. 27,600ನ್ನು ಆರರಿಂದ ಭಾಗಿಸಿದರೆ 4,600. ಆರು ತಿಂಗಳು 4,600, ಆಮೇಲೆ ಸದಾ 3,000. ಹೀಗೆ ಮಾಡಿದರೆ ವರ್ಷದ ಕೊನೆಗೆ ಪೆಟ್ಟಿಗೆಯಲ್ಲಿ 9,600 ಉಳಿದಿರುತ್ತದೆ, ಮುಂದಿನ ವರ್ಷ ಎಲ್ಲೂ ಗುಂಡಿ ಬೀಳುವುದಿಲ್ಲ. ಮೊದಲ ಆರು ತಿಂಗಳು 4,600 ಸಾಧ್ಯವೇ ಇಲ್ಲವೆಂದರೆ ಶುಲ್ಕವನ್ನು ಎರಡು ಕಂತಿನಲ್ಲಿ ಕಟ್ಟಲು ಈಗಲೇ ಕೇಳಿ. ಕಟ್ಟುವ ದಿನ ಕೇಳುವುದಕ್ಕಿಂತ ಆರು ತಿಂಗಳ ಮುಂಚೆ ಕೇಳಿದರೆ ಒಪ್ಪುವ ಸಾಧ್ಯತೆ ಹೆಚ್ಚು. ಈ ದುಡ್ಡು ದಿನದ ಖರ್ಚಿನ ಖಾತೆಯಲ್ಲಿ ಇರಲೇಬಾರದು. ಕಣ್ಣಿಗೆ ಕಂಡರೆ ಅದು ಮಿಕ್ಕಿದ ದುಡ್ಡಿನಂತೆ ಕಾಣುತ್ತದೆ.

ಪ್ರಶ್ನೆ: ನಮ್ಮದು ತಿಂಗಳ ಸಂಬಳವಲ್ಲ. ಕೆಲಸ ಇದ್ದರೆ ದುಡ್ಡು. ಬಜೆಟ್ ಹೇಗೆ ಹಾಕುವುದು?

ಉತ್ತರ: ಸರಾಸರಿ ಹಿಡಿಯಬೇಡಿ. ಸರಾಸರಿಗಿಂತ ಕಡಿಮೆ ಬರುವ ತಿಂಗಳುಗಳು ವರ್ಷದಲ್ಲಿ ಐದಾರು ಇದ್ದೇ ಇರುತ್ತವೆ. ಕಳೆದ ಹನ್ನೆರಡು ತಿಂಗಳ ಆದಾಯವನ್ನು ಕಡಿಮೆಯಿಂದ ಹೆಚ್ಚಿಗೆ ಜೋಡಿಸಿ ಬರೆದು, ಅತಿ ಕಡಿಮೆಯದ್ದನ್ನೇ ನಿಮ್ಮ ಸಂಬಳ ಎಂದುಕೊಳ್ಳಿ. ಆ ತಿಂಗಳು ಕಾಯಿಲೆ ಬಿದ್ದಂತಹ ವಿಶೇಷ ಕಾರಣವಿದ್ದರೆ ಮಾತ್ರ ಎರಡನೆಯದನ್ನು ಹಿಡಿಯಿರಿ. ಅದಕ್ಕಿಂತ ಹೆಚ್ಚು ಬಂದದ್ದೆಲ್ಲ ಬೇರೆ ಖಾತೆಗೆ. ಅಲ್ಲಿ ಒಂದು ತಿಂಗಳ ಪೂರ್ತಿ ಖರ್ಚು ಕೂಡಿದ ದಿನದಿಂದ ಕ್ರಮ ಬದಲಿಸಿ: ಈ ತಿಂಗಳು ದುಡಿದದ್ದನ್ನು ಮುಂದಿನ ತಿಂಗಳು ಖರ್ಚು ಮಾಡಿ. ಆಗ ಒಂದನೇ ತಾರೀಖಿನಂದೇ ಕೈಯಲ್ಲಿ ಎಷ್ಟಿದೆಯೆಂದು ಖಚಿತವಾಗಿ ಗೊತ್ತಿರುತ್ತದೆ.

ಆ ಹಂತ ತಲುಪುವವರೆಗೆ, ಬಂದ ದುಡ್ಡು ಹೋಗುವ ಸರದಿ ಮುಖ್ಯ. ಊಟ, ಔಷಧ, ಬಾಡಿಗೆ, ಕರೆಂಟು–ನೀರು, ಕೆಲಸಕ್ಕೆ ಹೋಗಿಬರುವ ಖರ್ಚು. ಆಮೇಲೆ ಸಾಲದ ಕಂತು. ಕೆಲಸಕ್ಕೆ ಹೋಗುವ ಖರ್ಚನ್ನು ಕಡಿದು ಕಂತು ಕಟ್ಟಿದರೆ ಮುಂದಿನ ಕಂತಿಗೆ ದುಡ್ಡು ಹುಟ್ಟುವ ದಾರಿಯೇ ಮುಚ್ಚುತ್ತದೆ. ಕಂತು ತಪ್ಪುವುದು ಖಂಡಿತ ಎಂದಾದರೆ ಸಾಲ ಕೊಟ್ಟವರಿಗೆ ಮೊದಲೇ ತಿಳಿಸಿ, ಉತ್ತರವನ್ನು ಬರಹದಲ್ಲಿ ಪಡೆಯಿರಿ.

ಪ್ರಶ್ನೆ: ಮೂರು ಸಾಲ ಇವೆ. ಕ್ರೆಡಿಟ್ ಕಾರ್ಡಿನಲ್ಲಿ 10,000 ಬಾಕಿ, ತಿಂಗಳಿಗೆ ಶೇ 3 ಬಡ್ಡಿ. ಕನಿಷ್ಠ ಮೊತ್ತ ಶೇ 5 ಮಾತ್ರ ಕಟ್ಟುತ್ತಿದ್ದೇವೆ. ಇನ್ನೊಂದು ‘ಫ್ಲಾಟ್’ ಶೇ 12ರ 12,000, ಹನ್ನೆರಡು ಕಂತು. ನೆಂಟರೊಬ್ಬರಿಂದ ಬಡ್ಡಿಯಿಲ್ಲದೆ 5,000. ಯಾವುದನ್ನು ಮೊದಲು ತೀರಿಸಲಿ?

ಉತ್ತರ: ಕಾರ್ಡಿನದನ್ನು, ಬೇರೆ ಮಾತೇ ಇಲ್ಲ. ತಿಂಗಳಿಗೆ ಶೇ 3 ಎಂದರೆ ವರ್ಷಕ್ಕೆ ಶೇ 36 ಎನಿಸುತ್ತದೆ. ಬಡ್ಡಿಗೆ ಬಡ್ಡಿ ಸೇರಿ ಅದು ಶೇ 42.6 ಆಗುತ್ತದೆ.

ಕನಿಷ್ಠ ಮೊತ್ತ ಕಟ್ಟುವುದರಲ್ಲಿ ಏನಾಗುತ್ತದೆ ನೋಡಿ. 10,000ಕ್ಕೆ ಬಡ್ಡಿ ಸೇರಿ 10,300. ಅದರ ಶೇ 5, ಅಂದರೆ 515 ಕಟ್ಟುತ್ತೀರಿ. ಬಾಕಿ 9,785. ಐನೂರು ಚಿಲ್ಲರೆ ಕಟ್ಟಿದರೂ ಅಸಲು ಕರಗಿದ್ದು 215 ಮಾತ್ರ. ಹೀಗೇ ವರ್ಷವಿಡೀ ಕಟ್ಟಿದರೆ ಕೈಯಿಂದ ಹೋಗುವುದು ಸುಮಾರು 5,500, ಬಾಕಿ ಉಳಿಯುವುದು ಇನ್ನೂ 7,700. ಬಾಕಿ ಅರ್ಧಕ್ಕೆ ಇಳಿಯಲು 32 ತಿಂಗಳು ಬೇಕು. ಬಾಕಿ ಇಳಿದಂತೆ ಕನಿಷ್ಠ ಮೊತ್ತವೂ ಇಳಿಯುವುದೇ ಇದಕ್ಕೆ ಕಾರಣ. ಬಿಲ್ಲಿನಲ್ಲಿ ಈ ತಿಂಗಳು 504, ಮುಂದೆ 493 ಎಂದು ಬಂದಾಗ ಸಮಾಧಾನವಾಗುತ್ತದೆ, ಸಾಲವೂ ಅಷ್ಟೇ ಸಮಾಧಾನವಾಗಿ ಕೂತಿರುತ್ತದೆ. ಬಿಲ್ಲು ಏನೇ ಹೇಳಲಿ, ಪ್ರತಿ ತಿಂಗಳೂ ಅದೇ 515 ಕಟ್ಟುತ್ತಾ ಹೋದರೆ 30 ತಿಂಗಳಲ್ಲಿ ಸಾಲ ಪೂರ್ತಿ ಚುಕ್ತಾ. 1,000 ಕಟ್ಟಿದರೆ ಒಂದು ವರ್ಷ, ಮೇಲೆ ಚಿಲ್ಲರೆ. ಅಲ್ಲಿಯವರೆಗೆ ಆ ಕಾರ್ಡಿನಲ್ಲಿ ಏನನ್ನೂ ಕೊಳ್ಳಬೇಡಿ. ಹಳೆಯ ಬಾಕಿ ಇರುವಾಗ ಹೊಸ ಖರೀದಿಗೆ ಸಾಮಾನ್ಯವಾಗಿ ಬಡ್ಡಿರಹಿತ ಅವಧಿ ಸಿಗುವುದಿಲ್ಲ, ಕೊಂಡ ದಿನದಿಂದಲೇ ಬಡ್ಡಿ ಓಡುತ್ತದೆ.

ಇನ್ನು ಫ್ಲಾಟ್ ಶೇ 12. 12,000ಕ್ಕೆ ಬಡ್ಡಿ 1,440, ಕಂತು 1,120. ಏಳನೇ ಕಂತಿನ ಹೊತ್ತಿಗೆ ನೀವು ಅರ್ಧ ಅಸಲು ಹಿಂದಿರುಗಿಸಿರುತ್ತೀರಿ, ಆದರೂ ಬಡ್ಡಿಯನ್ನು ಪೂರ್ತಿ 12,000ದ ಮೇಲೇ ಕೊಡುತ್ತಿರುತ್ತೀರಿ. ಉಳಿದ ಅಸಲಿನ ಮೇಲಷ್ಟೇ ಬಡ್ಡಿ ಹಾಕುವ ಲೆಕ್ಕದಲ್ಲಿ ಇದು ವರ್ಷಕ್ಕೆ ಸುಮಾರು ಶೇ 21.5. ಹೊಸ ಸಾಲ ತೆಗೆಯುವಾಗ ‘ಫ್ಲಾಟೋ, ಇಳಿಯುವ ಬಾಕಿಯ ಮೇಲೋ’ ಎಂದು ಕೇಳದೆ ಸಹಿ ಹಾಕಬೇಡಿ. ಈಗಿನದನ್ನು ಅವಧಿಗೆ ಮುಂಚೆ ತೀರಿಸುವ ಯೋಚನೆಯಿದ್ದರೆ, ಉಳಿದ ಕಂತುಗಳ ಬಡ್ಡಿ ಬಿಡುತ್ತಾರೆಯೇ ಎಂದು ಮೊದಲು ವಿಚಾರಿಸಿ. ಬಿಡದಿದ್ದರೆ ಬೇಗ ತೀರಿಸಿ ಲಾಭವಿಲ್ಲ. ಕಂತನ್ನು ಅದರ ಪಾಡಿಗೆ ಬಿಟ್ಟು ಹೆಚ್ಚುವರಿ ದುಡ್ಡನ್ನೆಲ್ಲ ಕಾರ್ಡಿಗೆ ಸುರಿಯಿರಿ.

ನೆಂಟರ 5,000ಕ್ಕೆ ಬಡ್ಡಿಯಿಲ್ಲ, ಆದ್ದರಿಂದ ಕೊನೆಗೆ. ಆದರೆ ಮೌನವಾಗಿರಬೇಡಿ. ಯಾವ ತಿಂಗಳಿಂದ ಎಷ್ಟೆಷ್ಟು ಕೊಡುತ್ತೀರೆಂದು ಈಗಲೇ ಹೇಳಿ, ಸಣ್ಣ ಮೊತ್ತವಾದರೂ ಹೇಳಿದ ದಿನ ಕೊಡಿ.

ಪ್ರಶ್ನೆ: ದೊಡ್ಡ ಪ್ಯಾಕೆಟ್ ಯಾವಾಗಲೂ ಅಗ್ಗವೇ?

ಉತ್ತರ: ಇಲ್ಲ. ಬೆಲೆಯನ್ನು ತೂಕದಿಂದ ಭಾಗಿಸಿ ನೋಡುವವರೆಗೆ ಏನನ್ನೂ ಹೇಳಲಾಗದು. ಒಂದು ಕಿಲೋಗೆ 90, ಐದು ಕಿಲೋಗೆ 425 ಎಂದಿದ್ದರೆ ಕಿಲೋಗೆ 85 ಬಿತ್ತು, ಉಳಿತಾಯ ಶೇ 5ಕ್ಕಿಂತ ಸ್ವಲ್ಪ ಹೆಚ್ಚು. ಅದರಲ್ಲಿ ಅರ್ಧ ಕಿಲೋ ಹುಳ ಹಿಡಿದು ಚೆಲ್ಲಿದರೆ ನಾಲ್ಕೂವರೆ ಕಿಲೋಗೆ 425 ಕೊಟ್ಟಂತೆ, ಕಿಲೋಗೆ 94ಕ್ಕೂ ಹೆಚ್ಚು. ಚಿಕ್ಕದೇ ಅಗ್ಗವಾಯಿತು. ಹತ್ತನೇ ಒಂದು ಪಾಲು ಹಾಳಾದರೆ ಸಾಕು, ಲಾಭ ನಷ್ಟವಾಗಿ ತಿರುಗುತ್ತದೆ. ಕೈಯಲ್ಲಿ ಧಾರಾಳವಾಗಿ ಇದ್ದರೆ ಬಳಕೆಯೂ ಏರುತ್ತದೆ. ಸೋಪಿನ ಪುಡಿ, ಎಣ್ಣೆ, ಶಾಂಪೂಗಳಲ್ಲಿ ಇದು ಹೆಚ್ಚು. ದೊಡ್ಡದನ್ನು ತಂದರೂ ದಿನದ ಬಳಕೆಗೆ ಚಿಕ್ಕ ಡಬ್ಬಿಗೆ ಸುರಿದುಕೊಂಡು, ಅಳತೆಯ ಚಮಚ ಅದರಲ್ಲೇ ಇಡಿ.

ರಿಯಾಯಿತಿಯ ಲೆಕ್ಕವೂ ಹೀಗೇ. ‘ಎರಡು ಕೊಂಡರೆ ಒಂದು ಉಚಿತ’ ಎಂದರೆ ಶೇ 33 ಕಡಿತ, ಅದೂ ಮೂರೂ ಬೇಕಿದ್ದರೆ. ‘ಶೇ 50, ಅದರ ಮೇಲೆ ಶೇ 20’ ಎಂದರೆ ಶೇ 70 ಅಲ್ಲ, ಶೇ 60. ಬೆಲೆ ಅದೇ ಇದ್ದು ಪ್ಯಾಕೆಟ್ 100 ಗ್ರಾಂನಿಂದ 85ಕ್ಕೆ ಇಳಿದಿದ್ದರೆ ಬೆಲೆ ಶೇ 17ಕ್ಕಿಂತ ಹೆಚ್ಚು ಏರಿದೆ ಎಂದೇ ತಿಳಿಯಿರಿ. ಪ್ಯಾಕೆಟ್ಟಿನ ಮೂಲೆಯ ಆ ಸಣ್ಣ ಅಕ್ಷರವನ್ನು ಓದುವುದಕ್ಕೆ ನಾಚಿಕೆ ಬೇಡ.

ಪ್ರಶ್ನೆ: ದೀಪ ಆರಿಸುತ್ತಲೇ ಇರುತ್ತೇವೆ, ಕರೆಂಟ್ ಬಿಲ್ ಮಾತ್ರ ಇಳಿಯುತ್ತಿಲ್ಲ. ಯಾಕೆ?

ಉತ್ತರ: 9 ವ್ಯಾಟಿನ ಎಲ್‌ಇಡಿ ದಿನಕ್ಕೆ ಐದು ಗಂಟೆ ಉರಿದರೂ ತಿಂಗಳಿಗೆ 1.35 ಯೂನಿಟ್ ಅಷ್ಟೇ. ದುಡ್ಡು ಹೋಗುವುದು ಶಾಖದಲ್ಲಿ. ನೀರು ಕಾಯಿಸುವ ಲೆಕ್ಕ ಸುಲಭ: ಲೀಟರನ್ನು ಏರಿಸಬೇಕಾದ ಡಿಗ್ರಿಯಿಂದ ಗುಣಿಸಿ 860ರಿಂದ ಭಾಗಿಸಿದರೆ ಯೂನಿಟ್ ಸಿಗುತ್ತದೆ. 15 ಲೀಟರನ್ನು 20 ಡಿಗ್ರಿ ಏರಿಸಲು 0.35 ಯೂನಿಟ್. ನಾಲ್ಕು ಜನಕ್ಕೆ ತಿಂಗಳಿಗೆ 42. ತಲಾ 12 ಲೀಟರಿಗೆ ಇಳಿಸಿದರೆ ಎಂಟು ಯೂನಿಟ್‌ಗೂ ಮಿಕ್ಕಿ ಉಳಿಯುತ್ತದೆ, ಅಂತಹ ಆರು ದೀಪಗಳ ಇಡೀ ತಿಂಗಳ ಬಳಕೆಯಷ್ಟು. ಗೀಜರಿನ ಉಷ್ಣಾಂಶವನ್ನು ಹೆಚ್ಚಿಟ್ಟು ಆಮೇಲೆ ತಣ್ಣೀರು ಬೆರೆಸುವ ಬದಲು ಗುಂಡಿಯನ್ನೇ ಕೆಳಗೆ ತಿರುಗಿಸಿ, ಒಬ್ಬರ ಹಿಂದೆ ಒಬ್ಬರು ಸ್ನಾನ ಮುಗಿಸಿ, ಸ್ವಿಚ್ ಆರಿಸಿ. ಟ್ಯಾಂಕಿನಲ್ಲಿ ಸುಮ್ಮನೆ ಕೂತ ಬಿಸಿನೀರು ಆರುತ್ತಲೇ ಇರುತ್ತದೆ.

ಯಾವ ಉಪಕರಣ ಎಷ್ಟು ನುಂಗುತ್ತದೆಂದು ಮೀಟರೇ ಹೇಳುತ್ತದೆ. ಡಿಜಿಟಲ್ ಮೀಟರಿನಲ್ಲಿ ಒಂದು ಕೆಂಪು ದೀಪ ಮಿನುಗುತ್ತಿರುತ್ತದೆ. ಒಂದು ಯೂನಿಟ್‌ಗೆ ಎಷ್ಟು ಮಿನುಗು ಎಂಬುದು ಪಕ್ಕದಲ್ಲೇ ಅಚ್ಚಾಗಿರುತ್ತದೆ, 1600 ಅಥವಾ 3200 ಹೀಗೆ. ಮನೆಯ ಎಲ್ಲವನ್ನೂ ಆರಿಸಿ, ಒಂದನ್ನು ಮಾತ್ರ ಹಾಕಿ, ಒಂದು ನಿಮಿಷ ಎಣಿಸಿ. 3200ರ ಮೀಟರ್ ನಿಮಿಷಕ್ಕೆ 8 ಸಲ ಮಿನುಗಿದರೆ 8 × 60 ÷ 3200, ಅಂದರೆ 0.15 ಕಿಲೋವ್ಯಾಟ್, 150 ವ್ಯಾಟ್. ಎಲ್ಲ ಆರಿಸಿದ ಮೇಲೂ ದೀಪ ಮಿನುಗುತ್ತಿದ್ದರೆ ಎಲ್ಲೋ ಸೋರುತ್ತಿದೆ: ರಿಮೋಟಿನಲ್ಲಷ್ಟೇ ಆರಿಸಿದ ಟಿವಿ, ಸೆಟ್‌ಟಾಪ್ ಬಾಕ್ಸ್, ಇಲ್ಲವೇ ವೈರಿಂಗಿನ ದೋಷ. 10 ವ್ಯಾಟ್ ಹೀಗೆ ಹಗಲೂ ರಾತ್ರಿ ಎಳೆದರೆ ತಿಂಗಳಿಗೆ 7.2 ಯೂನಿಟ್. ಪ್ಲಗ್ಗುಗಳನ್ನೆಲ್ಲ ಕಿತ್ತರೂ ನಿಲ್ಲದಿದ್ದರೆ ಎಲೆಕ್ಟ್ರಿಷಿಯನ್‌ಗೆ ತೋರಿಸಿ, ಅದು ಬಿಲ್ಲಿಗಿಂತ ಹೆಚ್ಚಾಗಿ ಜೀವದ ಪ್ರಶ್ನೆ.

ಫ್ರಿಜ್ಜಿನ ಬಾಗಿಲಿಗೆ ಒಂದು ಕಾಗದದ ಚೂರು ಸಿಕ್ಕಿಸಿ ಮುಚ್ಚಿ ಎಳೆಯಿರಿ. ಸಲೀಸಾಗಿ ಜಾರಿ ಬಂದರೆ ರಬ್ಬರ್ ಅಂಚು ಸಡಿಲವಾಗಿದೆ. ಮೊದಲು ಸೋಪಿನ ನೀರಿನಲ್ಲಿ ಒರೆಸಿ ನೋಡಿ, ಎಷ್ಟೋ ಸಲ ಜಿಡ್ಡೇ ಕಾರಣವಾಗಿರುತ್ತದೆ.

ಪ್ರಶ್ನೆ: ನಲ್ಲಿ ತೊಟ್ಟಿಕ್ಕುತ್ತದೆ. ಪ್ಲಂಬರ್ ಕರೆಸಲೇಬೇಕೆ?

ಉತ್ತರ: ತಿರುಗಿಸುವ ಹಳೆಯ ಮಾದರಿಯ ನಲ್ಲಿಯಾದರೆ ಬೇಡ. ಮೊದಲು ಕೆಳಗೊಂದು ಲೀಟರ್ ಪಾತ್ರೆ ಇಟ್ಟು ನೋಡಿ. ಎರಡು ಗಂಟೆಗೆ ತುಂಬಿದರೆ ತಿಂಗಳಿಗೆ 360 ಲೀಟರ್ ಹೋಗುತ್ತಿದೆ. ನೀರಿನ ವಾಲ್ವ್ ಮುಚ್ಚಿ, ನಲ್ಲಿಯ ಮೇಲ್ಭಾಗವನ್ನು ಸ್ಪ್ಯಾನರಿನಿಂದ ಬಿಚ್ಚಿ, ತುದಿಯ ಸವೆದ ವಾಷರ್ ತೆಗೆದು ಅದೇ ಅಳತೆಯದನ್ನು ಹಾಕಿ. ಹಳೆಯದನ್ನು ಅಂಗಡಿಗೆ ಒಯ್ದರೆ ಅಳತೆ ತಪ್ಪುವುದಿಲ್ಲ. ಹೊಸ ವಾಷರ್ ಕೆಲವೇ ವಾರಗಳಲ್ಲಿ ಮತ್ತೆ ಸೋರಿದರೆ ಅದು ಕೂರುವ ಒಳಗಿನ ಅಂಚು ಒರಟಾಗಿದೆ, ಆಗ ನಲ್ಲಿ ಬದಲಿಸುವುದೇ ಮೇಲು. ನೀರು ಬಾಯಿಯಿಂದಲ್ಲದೆ ಹಿಡಿಯ ಬುಡದಿಂದ ಜಿನುಗುತ್ತಿದ್ದರೆ ವಾಷರ್ ತಪ್ಪಲ್ಲ. ಅಲ್ಲಿನ ನಟ್ ಸ್ವಲ್ಪ ಬಿಗಿ ಮಾಡಿ ನೋಡಿ.

ಪ್ರಶ್ನೆ: ಎಲ್ಲವನ್ನೂ ಕಡಿಮೆ ಮಾಡಿದ್ದೇವೆ. ಇನ್ನು ಔಷಧ, ವಿಮೆಯಲ್ಲಿ ಕಡಿಯಬಹುದೇ?

ಉತ್ತರ: ದಯವಿಟ್ಟು ಅಲ್ಲಿಗೆ ಕೈ ಹಾಕಬೇಡಿ. ರಕ್ತದೊತ್ತಡದ, ಸಕ್ಕರೆ ಕಾಯಿಲೆಯ ಮಾತ್ರೆಯನ್ನು ದಿನ ಬಿಟ್ಟು ದಿನ ನುಂಗಿ ಉಳಿಸಿದ ದುಡ್ಡು ಆಸ್ಪತ್ರೆಯ ಒಂದು ದಿನಕ್ಕೂ ಸಾಲದು. ನಿಧಾನವಾಗಿ ಕರಗುವಂತೆ ಮಾಡಿದ ಮಾತ್ರೆಗಳನ್ನು ಅರ್ಧ ಮುರಿದರೆ ಪೂರ್ತಿ ಮದ್ದು ಒಮ್ಮೆಲೇ ರಕ್ತಕ್ಕೆ ಸೇರುವ ಅಪಾಯವಿದೆ. ಬದಲಿಗೆ, ಅದೇ ಮದ್ದಿನ ಅಗ್ಗದ ಜೆನೆರಿಕ್ ಮಾತ್ರೆ ಬರೆದುಕೊಡಲು ವೈದ್ಯರನ್ನು ನೇರವಾಗಿ ಕೇಳಿ. ವಿಮೆಯಲ್ಲಿ ಆರೋಗ್ಯದ್ದನ್ನು, ದುಡಿಯುವವರ ಜೀವದ್ದನ್ನು ಉಳಿಸಿಕೊಳ್ಳಿ. ಫೋನು, ಮಿಕ್ಸಿ ಕೊಳ್ಳುವಾಗ ಅಂಟಿಸುವ ಹೆಚ್ಚುವರಿ ವಾರಂಟಿಯನ್ನು ಧೈರ್ಯವಾಗಿ ಬಿಡಬಹುದು. ವಾಹನದ ಬ್ರೇಕು, ಅಡುಗೆ ಗ್ಯಾಸಿನ ಪೈಪು, ಕನ್ನಡಕದ ನಂಬರು, ಇವನ್ನೂ ಮುಂದೂಡಬೇಡಿ. ಕಡಿಯಲೇಬೇಕಿದ್ದರೆ ಫೋನಿನ ಪ್ಲಾನ್, ತಾನಾಗಿಯೇ ನವೀಕರಣಗೊಳ್ಳುವ ಚಂದಾಗಳನ್ನು ನೋಡಿ. ಬ್ಯಾಂಕ್ ಪಾಸ್‌ಬುಕ್ಕಿನ ಕಳೆದ ಮೂರು ತಿಂಗಳ ಸಾಲುಗಳನ್ನು ಒಂದೊಂದಾಗಿ ಓದಿ, ಬಳಸದೇ ಕಡಿತವಾಗುತ್ತಿರುವುದಕ್ಕೆಲ್ಲ ಗುರುತು ಹಾಕಿ, ಅವತ್ತೇ ರದ್ದು ಮಾಡಿ.